ಪ್ಯಾಸ್ಕಲ್ ಹತ್ತದ ಬೆಟ್ಟ

ಮೆಗಾಪ್ಯಾಸ್ಕಲ್ ಇಲ್ಲದೆ ನಮ್ಮ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ನೋಟ್ಸಿನ ಒಂದು ಪುಟವೂ ಮುಗಿಯಲ್ಲ. ಆ ಹೆಸರಿನ ಮನುಷ್ಯ ಬ್ಲೇಸ್ ಪ್ಯಾಸ್ಕಲ್ ಬದುಕಿದ್ದು ಬರೀ 39 ವರ್ಷ. 18 ದಾಟಿದ ಮೇಲೆ ನೋವಿಲ್ಲದ ದಿನವೇ ಇರಲಿಲ್ಲ ಅಂತ ಅವನ ಅಕ್ಕ ಬರೆದಿಟ್ಟಿದ್ದಾಳೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುತ್ತದೆ ಎಂದು ಅಳೆದು ತೋರಿಸಿದ ಪ್ರಯೋಗ ಅವನದು. ಆದರೆ ಆ ಬೆಟ್ಟವನ್ನು ಅವನು ಹತ್ತಲೇ ಇಲ್ಲ.

ಹುಟ್ಟಿದ್ದು 1623ರಲ್ಲಿ, ಫ್ರಾನ್ಸಿನ ಕ್ಲೆರ್ಮೋಂ ಎಂಬ ಊರಲ್ಲಿ. ಮೂರು ವರ್ಷಕ್ಕೇ ತಾಯಿ ಹೋದಳು. ಮುಂದೆ ಅಪ್ಪನಿಗೆ ರೂಆಂ ನಗರದಲ್ಲಿ ತೆರಿಗೆ ಲೆಕ್ಕದ ಕೆಲಸ ಸಿಕ್ಕಿತು. ರಾತ್ರಿಯೆಲ್ಲ ಕೂಡುತ್ತ ಕೂತ ಅಪ್ಪನನ್ನು ನೋಡಲಾರದೆ ಹತ್ತೊಂಬತ್ತರ ಹುಡುಗ ಹಲ್ಲುಗಾಲಿಗಳ ಲೆಕ್ಕದ ಯಂತ್ರಕ್ಕೆ ಕೈಹಾಕಿದ. ಆಗಿನ ಫ್ರೆಂಚ್ ದುಡ್ಡಿನಲ್ಲಿ 12 ದೆನಿಯೆಗೆ ಒಂದು ಸೋಲ್, 20 ಸೋಲ್‌ಗೆ ಒಂದು ಲೀವ್ರ್. ಅಂದರೆ ಗಾಲಿಯ ದಶಕ ಒಂದೊಂದು ಕಡೆ ಒಂದೊಂದು ಥರ! ಸುಮಾರು 50 ಮಾದರಿ ಮಾಡಿ ಒಡೆದು ಮತ್ತೆ ಮಾಡಿದನಂತೆ. ಮೆಕ್ಯಾನಿಕಲ್ ಬ್ರಾಂಚಿನವರು ಇದನ್ನೇ ಅವನ ದೊಡ್ಡ ಸಾಧನೆ ಅನ್ನಬಹುದು. ನಮ್ಮ ಓಟು ಬೆಟ್ಟಕ್ಕೆ.

ಇಟಲಿಯ ಟೊರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪಾದರಸದ ತೊಟ್ಟಿಯಲ್ಲಿ ಬೋರಲು ಹಾಕಿದ್ದ. ಪಾದರಸ ಸ್ವಲ್ಪ ಇಳಿದು ಸುಮಾರು 76 ಸೆಂ.ಮೀ.ಗೆ ನಿಂತುಬಿಡುತ್ತದೆ, ಮೇಲೆ ಖಾಲಿ ಜಾಗ. ಪ್ರಕೃತಿಗೆ ನಿರ್ವಾತ ಕಂಡರೆ ಆಗದು, ಅದಕ್ಕೇ ಪಾದರಸವನ್ನು ಎಳೆದು ಹಿಡಿದಿದೆ ಎನ್ನುವುದು ಹಳೇ ಪಂಡಿತರ ವಾದ. ಪ್ಯಾಸ್ಕಲ್ ರೂಆಂನಲ್ಲಿ ಸುಮಾರು 46 ಅಡಿಯ ಗಾಜಿನ ಕೊಳವೆಗಳನ್ನು ಹಡಗಿನ ಪಟಸ್ತಂಭಕ್ಕೆ ಕಟ್ಟಿಸಿ, ಒಂದಕ್ಕೆ ನೀರು, ಇನ್ನೊಂದಕ್ಕೆ ವೈನ್ ತುಂಬಿಸಿ ಊರವರ ಮುಂದೆ ಎತ್ತಿಸಿದ. ವೈನಿನ ಆವಿ ಆ ಜಾಗವನ್ನು ತುಂಬುತ್ತದೆ ಎನ್ನುವುದಾದರೆ ವೈನ್ ಕೆಳಗೆ ನಿಲ್ಲಬೇಕಿತ್ತು. ಅದು ನೀರಿಗಿಂತ ಹಗುರ, ನೀರಿಗಿಂತ ಮೇಲೇ ನಿಂತಿತು.

ಇಷ್ಟಕ್ಕೂ ಬಾಯಿ ಮುಚ್ಚದವರಿಗೆ ಇನ್ನೊಂದು ಪ್ರಶ್ನೆ ಇತ್ತು. ಪಾದರಸವನ್ನು ಹಿಡಿದಿರುವುದು ಹೊರಗಿನ ಗಾಳಿಯ ಭಾರವೇ ಆದರೆ, ಬೆಟ್ಟದ ಮೇಲೆ ತಲೆಯ ಮೇಲಿನ ಗಾಳಿ ಕಡಿಮೆ, ಅಲ್ಲಿ ಪಾದರಸವೂ ಇಳಿಯಬೇಕು. ಪ್ರಕೃತಿಯ ದ್ವೇಷ ಕಾರಣ ಅಂದರೆ, ಅದು ಬುಡದಲ್ಲಿ ಜಾಸ್ತಿ, ತುದಿಯಲ್ಲಿ ಕಮ್ಮಿ ಆಗುವುದು ಹೇಗೆ? ಪ್ಯಾಸ್ಕಲ್ ಆಗ ಪ್ಯಾರಿಸಿನಲ್ಲಿ, ಕಾಯಿಲೆಯಲ್ಲಿ. ಸುತ್ತಮುತ್ತ ಹೇಳಿಕೊಳ್ಳುವಂಥ ಬೆಟ್ಟವೂ ಇಲ್ಲ. 1647ರ ನವೆಂಬರಿನಲ್ಲಿ ಕ್ಲೆರ್ಮೋಂನಲ್ಲಿದ್ದ ಭಾವ ಫ್ಲೋರಿನ್ ಪೆರಿಯೆಗೆ ಕಾಗದ ಬರೆದ. ಊರ ಪಕ್ಕದಲ್ಲೇ ಪ್ವೀ ದ ಡೋಮ್ ಇತ್ತಲ್ಲ.

ಭಾವನಿಗೆ ಪುರುಸೊತ್ತಾಗಿದ್ದು ಹತ್ತು ತಿಂಗಳ ಮೇಲೆ, 1648ರ ಸೆಪ್ಟೆಂಬರ್ 19ಕ್ಕೆ. ಆದರೆ ಆ ದಿನ ಅವನು ಮಾಡಿದ ಕೆಲಸವನ್ನು ಲ್ಯಾಬ್ ಮ್ಯಾನ್ಯುಯಲ್‌ನ ಮೊದಲ ಪುಟಕ್ಕೆ ಹಾಕಬೇಕು. ಊರಿನ ಮಠದ ತೋಟದಲ್ಲಿ ಎರಡು ಕೊಳವೆ ನಿಲ್ಲಿಸಿದ, ಎರಡೂ ಒಂದೇ ಮಟ್ಟ: 26 ಫ್ರೆಂಚ್ ಇಂಚು, ಮೂರೂವರೆ ಗೆರೆ, ನಮ್ಮ ಲೆಕ್ಕದಲ್ಲಿ ಸುಮಾರು 71 ಸೆಂ.ಮೀ. ಒಂದನ್ನು ಅಲ್ಲೇ ಬಿಟ್ಟು, ದಿನವಿಡೀ ಕಣ್ಣಿಟ್ಟಿರಲು ಒಬ್ಬ ಪಾದ್ರಿಯನ್ನು ಕೂರಿಸಿದ. ಇನ್ನೊಂದನ್ನು ಹೊತ್ತು ಸುಮಾರು ಸಾವಿರ ಮೀಟರ್ ಮೇಲೆ ಹೋದರೆ ಮಟ್ಟ 23 ಇಂಚು, 2 ಗೆರೆ. ಎಂಟೂವರೆ ಸೆಂ.ಮೀ. ಇಳಿದಿತ್ತು! ನಂಬಲಾಗದೆ ಬಯಲಲ್ಲಿ, ಗುಡಿಯೊಳಗೆ, ಮಂಜಿನಲ್ಲಿ ಮತ್ತೆ ಮತ್ತೆ ಅಳೆದರು, ಒಟ್ಟು ಐದು ಸಲ. ಅಷ್ಟೇ ಬಂತು. ಇಳಿದು ಬಂದು ಕೇಳಿದರೆ, ಕೆಳಗಿನ ಕೊಳವೆ ಬೆಳಗಿನಿಂದ ಕದಲಿಲ್ಲ. ಆ ಪಾದ್ರಿ ಕೂರದೇ ಇದ್ದಿದ್ದರೆ, ಹವೆ ಬದಲಾಗಿ ಪಾದರಸ ಇಳಿಯಿತು ಎಂದು ಯಾರು ಬೇಕಾದರೂ ಅನ್ನಬಹುದಿತ್ತು.

ಆ ಏರು ಹೆಚ್ಚುಕಮ್ಮಿ ನಮ್ಮ ಮಂಗಳೂರು–ಬೆಂಗಳೂರಿನ ವ್ಯತ್ಯಾಸದಷ್ಟು. ಘಾಟಿ ಹತ್ತುವಾಗ ಕಿವಿ ಗುಂಯ್ ಅನ್ನುವುದು, ಬೆಂಗಳೂರಲ್ಲಿ ನೀರು 100ರ ಬದಲು ಸುಮಾರು 97 ಡಿಗ್ರಿಗೇ ಕುದಿಯುವುದು, ಬ್ಯಾಗಿನ ಚಿಪ್ಸ್ ಪ್ಯಾಕೆಟ್ ಉಬ್ಬುವುದು ಎಲ್ಲ ಇದೇ ಲೆಕ್ಕ. ಚಿಪ್ಸ್ ಪ್ಯಾಕೆಟ್ಟಿನ ಅಣ್ಣ ಪ್ಯಾಸ್ಕಲ್‌ನ ಪುಸ್ತಕದಲ್ಲೇ ಇದ್ದಾನೆ: ಅರ್ಧ ಗಾಳಿ ತುಂಬಿದ ಚೀಲ ಬೆಟ್ಟದ ಮೇಲೆ ಉಬ್ಬಿ, ಇಳಿದ ಮೇಲೆ ಮತ್ತೆ ಸೊರಗುತ್ತದೆ. ಗಾಳಿಯನ್ನು ಅವನು ಉಣ್ಣೆಯ ರಾಶಿಗೆ ಹೋಲಿಸಿದ. ಮೇಲಿನ ಭಾರಕ್ಕೆ ಅಡಿಯ ಉಣ್ಣೆ ಒತ್ತಾಗುತ್ತದೆ, ಮೇಲಿನದು ಸಡಿಲ.

ಗೆದ್ದ ಮೇಲೆ ಜಗಳ ಇಲ್ಲದಿರುತ್ತದೆಯೇ? ಹಿಂದಿನ ವರ್ಷ ಪ್ಯಾಸ್ಕಲ್‌ನನ್ನು ಕಾಣಲು ಬಂದಿದ್ದ ದೇಕಾರ್ತ್, ಬೆಟ್ಟದ ಉಪಾಯ ಹೇಳಿಕೊಟ್ಟದ್ದೇ ತಾನು ಅಂದ. ಅದೇ ದೇಕಾರ್ತ್ ನಿರ್ವಾತವನ್ನು ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಹಾಗಿದ್ದೂ ಕ್ಲೆರ್ಮೋಂನಲ್ಲಿ ಪೆರಿಯೆ ದಿನಾ ಪಾದರಸದ ಮಟ್ಟ ಬರೆದುಕೊಳ್ಳತೊಡಗಿದಾಗ, ದೂರದ ಸ್ಟಾಕ್‌ಹೋಮಿನಿಂದ ಜೊತೆಯ ರೀಡಿಂಗ್ ತೆಗೆದುಕೊಟ್ಟವರಲ್ಲಿ ಅವನೂ ಒಬ್ಬ.

1654ರ ನಂತರ ಪ್ಯಾಸ್ಕಲ್‌ನ ಮನಸ್ಸು ಹೆಚ್ಚಾಗಿ ದೇವರ ಕಡೆ ತಿರುಗಿತು. ಗಾಳಿಯ ಭಾರದ ಪುಸ್ತಕ ಬರೆದಿಟ್ಟಿದ್ದನ್ನು ಅಚ್ಚಿಗೆ ಕೊಡಲಿಲ್ಲ. 1662ರ ಆಗಸ್ಟ್ 19ರಂದು ತೀರಿಕೊಂಡ. ಮರುವರ್ಷ ಅದನ್ನು ಮುನ್ನುಡಿ ಬರೆದು ಹೊರತಂದವನು ಬೆಟ್ಟ ಹತ್ತಿದ ಆ ಭಾವನೇ.