ಜಿಮ್ ಬಟರ್‌ಫೀಲ್ಡ್

ಜಿಮ್ ಬಟರ್‌ಫೀಲ್ಡ್ (1936–2007) ಕೆನಡಾದ ಪ್ರೋಗ್ರಾಮರ್ ಹಾಗೂ ಲೇಖಕರು. ಹವ್ಯಾಸಿ ಗಣಕಬಳಕೆದಾರರಿಗೆ ಯಂತ್ರಭಾಷೆಯನ್ನು ಕಲಿಸಿದವರೆಂದು ಪ್ರಸಿದ್ಧರು.

ಜೀವನ

ಆಲ್ಬರ್ಟಾ ಪ್ರಾಂತ್ಯದ ಪೊನೋಕಾದಲ್ಲಿ ಜನಿಸಿದ ಇವರು ಟೊರಾಂಟೊದಲ್ಲಿ ನೆಲೆಸಿದರು. ಆರು ಅಂಕಿಗಳ ಪರದೆಯಷ್ಟೇ ಇದ್ದ ಕಿಮ್-1 ಗಣಕವನ್ನು ಕುರಿತು ಇಬ್ಬರು ಸಹಲೇಖಕರೊಡನೆ ಪುಸ್ತಕ ರಚಿಸಿದರು.

ಸೂಪರ್‌ಮಾನ್

ಕಾಮಡೋರ್ ಗಣಕಗಳಿಗಾಗಿ, ಇತರರ ಕೆಲಸವನ್ನೂ ಸೇರಿಸಿಕೊಂಡು, ಸೂಪರ್‌ಮಾನ್ ಎಂಬ ಸ್ಮೃತಿವೀಕ್ಷಕ ತಂತ್ರಾಂಶವನ್ನು ಬೆಳೆಸಿದರು. ಇದರಲ್ಲಿ ‘ಎಂ’ ಅಕ್ಷರದೊಡನೆ ವಿಳಾಸವನ್ನು ಬರೆದರೆ, ಅಲ್ಲಿನ ಸ್ಮೃತಿಯಲ್ಲಿರುವುದು ಹದಿನಾರರ ಮಾನದ ಅಂಕಿಗಳಲ್ಲಿ ಕಾಣುತ್ತದೆ. ಆ ಅಂಕಿಯ ಮೇಲೆಯೇ ಬೇರೊಂದನ್ನು ಬರೆದು ರಿಟರ್ನ್ ಕೀಲಿಯನ್ನು ಒತ್ತಿದರೆ ಸ್ಮೃತಿಯೇ ಬದಲಾಗುತ್ತದೆ. ‘ಜಿ’ ಆಜ್ಞೆಯಿಂದ ಪ್ರೋಗ್ರಾಂ ಚಾಲನೆಗೊಳ್ಳುತ್ತದೆ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾಗಿದ್ದ ಇದರಿಂದ, ಯಂತ್ರದ ಒಳಗುಟ್ಟು ಸಾಮಾನ್ಯ ಓದುಗರಿಗೂ ತೆರೆಯಿತು. 1984ರ ಇವರ ಯಂತ್ರಭಾಷಾ ಪಠ್ಯದಲ್ಲಿಯೂ ಸೂಪರ್‌ಮಾನ್ ಅಚ್ಚಾಯಿತು.

ನಿಧನ

2007ರ ಜೂನ್ 29ರಂದು ನಿಧನರಾದರು.