ಒಗಟುಗಾರ ಡ್ಯೂಡನಿ

ಇಂಗ್ಲೆಂಡಿನ ಸಸೆಕ್ಸ್ ಎಂಬ ಪ್ರದೇಶದಲ್ಲಿ ಜಾನ್ ಡ್ಯೂಡನಿ ಎಂಬ ಕುರುಬರಿದ್ದರು. ಕುರಿ ಕಾಯುತ್ತಲೇ ಅವರು ತಾವಾಗಿ ಗಣಿತ ಕಲಿತರು. ಮುಂದೆ ಲೂಯಿಸ್ ಪಟ್ಟಣದಲ್ಲಿ ಶಾಲೆಯ ಮಾಸ್ತರರಾದರು! ಅವರ ಮೊಮ್ಮಗನೇ ಹೆನ್ರಿ ಅರ್ನೆಸ್ಟ್ ಡ್ಯೂಡನಿ. ಹುಟ್ಟಿದ್ದು 1857ರಲ್ಲಿ, ಮೇಫೀಲ್ಡ್ ಎಂಬ ಹಳ್ಳಿಯಲ್ಲಿ.

ಹೆನ್ರಿಗೆ ಎಳವೆಯಿಂದಲೂ ಚದುರಂಗವೆಂದರೆ, ಒಗಟುಗಳೆಂದರೆ ಪ್ರಾಣ. ಆದರೆ 13ನೆಯ ವಯಸ್ಸಿನಲ್ಲೇ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಬೇಕಾಯಿತು. ಕಾಲೇಜಿನ ಮೆಟ್ಟಿಲನ್ನು ಹತ್ತಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಗಣಿತ ಕಲಿತು, ಪತ್ರಿಕೆಗಳಿಗೆ ಒಗಟುಗಳನ್ನು ಬರೆಯತೊಡಗಿದನು.

1902ರಲ್ಲಿ ಡ್ಯೂಡನಿಯವರು ಪತ್ರಿಕೆಯ ಓದುಗರ ಮುಂದೆ ಒಂದು ಒಗಟನ್ನಿಟ್ಟರು. ಮೂರು ಬದಿಗಳೂ ಸಮನಾಗಿರುವ ಒಂದು ತ್ರಿಭುಜವಿದೆ. ಅದನ್ನು ಕತ್ತರಿಸಿ, ತುಂಡುಗಳನ್ನು ಜೋಡಿಸಿ ಚೌಕ ಮಾಡಬೇಕು. ಚೂರೂ ಉಳಿಯಬಾರದು, ಒಂದರ ಮೇಲೊಂದು ಬರಬಾರದು. ತುಂಡುಗಳು ಆದಷ್ಟು ಕಡಿಮೆ ಇರಬೇಕು. ತ್ರಿಭುಜದ ಮೂಲೆಗಳು 60 ಡಿಗ್ರಿ, ಚೌಕದ ಮೂಲೆಗಳು 90 ಡಿಗ್ರಿ. ಹೊಂದಿಸುವುದು ಹೇಗೆ? ನೀವೂ ರಟ್ಟು ಮತ್ತು ಕತ್ತರಿ ಹಿಡಿದು ನೋಡಿ, ಕಷ್ಟ ತಿಳಿಯುತ್ತದೆ.

ಹಲವರು 5 ತುಂಡುಗಳಲ್ಲಿ ಮಾಡಿದರು. ಮ್ಯಾಂಚೆಸ್ಟರ್ ನಗರದ ಮೆಕೆಲ್ರಾಯ್ ಎಂಬ ಓದುಗರು ಮಾತ್ರ 4 ತುಂಡುಗಳೇ ಸಾಕೆಂದು ತೋರಿಸಿದರು. ಡ್ಯೂಡನಿಯವರು ಅದನ್ನು ಮುಚ್ಚಿಡಲಿಲ್ಲ. ಓದುಗರ ಹೆಸರನ್ನು ಪತ್ರಿಕೆಯಲ್ಲಿಯೇ ತಿಳಿಸಿದರು.

ಆ 4 ತುಂಡುಗಳಲ್ಲಿ ಇನ್ನೊಂದು ಸೊಗಸಿತ್ತು. ಡ್ಯೂಡನಿಯವರು ಮಹಾಗನಿ ಮರದಲ್ಲಿ ತುಂಡುಗಳನ್ನು ಮಾಡಿಸಿ, ಅವುಗಳನ್ನು ಹಿತ್ತಾಳೆಯ ಕೀಲುಗಳಿಂದ ಸರಪಳಿಯಂತೆ ಜೋಡಿಸಿದರು. ಒಂದು ಕಡೆಗೆ ತಿರುಗಿಸಿದರೆ ತ್ರಿಭುಜ, ಇನ್ನೊಂದು ಕಡೆಗೆ ತಿರುಗಿಸಿದರೆ ಚೌಕ! 1905ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ತೋರಿಸಿದರು. ಅದು ದೊಡ್ಡ ದೊಡ್ಡ ವಿಜ್ಞಾನಿಗಳ ಸಂಘ. ಕಾಲೇಜು ಕಾಣದ ಗುಮಾಸ್ತರಿಗೆ ಇದೇನು ಸಣ್ಣ ಮಾತೇ? 1907ರಲ್ಲಿ ಬಂದ ಅವರ ‘ಕ್ಯಾಂಟರ್ಬರಿ ಒಗಟುಗಳು’ ಎಂಬ ಪುಸ್ತಕದಲ್ಲಿ ಬಟ್ಟೆ ವ್ಯಾಪಾರಿಯೊಬ್ಬನು ಈ ಒಗಟನ್ನು ಕೇಳುತ್ತಾನೆ.

ಡ್ಯೂಡನಿಯವರು 1930ರಲ್ಲಿ ತೀರಿಕೊಂಡರು, ಅಜ್ಜ ಪಾಠ ಹೇಳಿದ ಅದೇ ಲೂಯಿಸ್ ಪಟ್ಟಣದಲ್ಲಿ. ಆದರೆ 3 ತುಂಡುಗಳಲ್ಲಿ ಚೌಕ ಆಗುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇತ್ತು. 2024ರಲ್ಲಿ ಜಪಾನ್ ಮತ್ತು ಅಮೆರಿಕದ ಮೂವರು ಸಂಶೋಧಕರು ಉತ್ತರ ಕೊಟ್ಟರು. ತುಂಡುಗಳನ್ನು ಮಗುಚಿ ಹಾಕದೆ 3ರಲ್ಲಿ ಮಾಡಲು ಸಾಧ್ಯವೇ ಇಲ್ಲ. ಒಗಟು ಕೇಳಿ ಆಗ 122 ವರ್ಷಗಳಾಗಿದ್ದವು.