ಹೆಸರು ಕಳೆದುಕೊಂಡ ಶೋಧಕ ದೆಲ್ ರಿಯೊ

ಸೂಡಿಯ ಶಾಸನಗಳಲ್ಲಿ ದಂಡನಾಯಕ ನಾಗದೇವನ ಹೆಸರು ಹನ್ನೊಂದನೆಯ ಶತಮಾನದಿಂದ ಇಂದಿನವರೆಗೂ ಅಳಿಯದೆ ಉಳಿದಿದೆ. ಕಲ್ಲು ಹೆಸರನ್ನು ಕಾಯುತ್ತದೆ. ಆದರೆ ಕಲ್ಲಿನೊಳಗಿನಿಂದಲೇ ಒಂದು ಹೊಸ ಮೂಲವಸ್ತುವನ್ನು ಕಂಡುಹಿಡಿದು, ಅದಕ್ಕೆ ತಾನಿಟ್ಟ ಹೆಸರನ್ನು ಕಳೆದುಕೊಂಡ ವಿದ್ವಾಂಸನೊಬ್ಬನಿದ್ದನು. ಆತನೇ ಆಂದ್ರೇಸ್ ಮಾನುಯೆಲ್ ದೆಲ್ ರಿಯೊ.

ಈತನು ೧೭೬೪ರಲ್ಲಿ ಸ್ಪೇನ್ ದೇಶದ ಮಾಡ್ರಿಡ್ ನಗರದಲ್ಲಿ ಜನಿಸಿದನು. ಜರ್ಮನಿಯ ಫ್ರೈಬರ್ಗಿನಲ್ಲಿ ಪ್ರಸಿದ್ಧ ಪಂಡಿತ ವೆರ್ನರನ ಶಿಷ್ಯನಾಗಿ ಗಣಿವಿದ್ಯೆಯನ್ನು ಕಲಿತನು. ೧೭೯೪ರಲ್ಲಿ ಮೆಕ್ಸಿಕೊ ದೇಶಕ್ಕೆ ಹೋಗಿ, ಅಲ್ಲಿಯ ಗಣಿವಿದ್ಯಾಲಯದಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕನಾದನು.

೧೮೦೧ರಲ್ಲಿ ಆತನು ಸಿಮಪಾನ್ ಎಂಬಲ್ಲಿಯ ಕಂದುಬಣ್ಣದ ಸೀಸದ ಅದಿರನ್ನು ಪರೀಕ್ಷೆಗೆ ತೆಗೆದುಕೊಂಡನು. ಇಂದು ವೆನಡಿನೈಟ್ ಎನಿಸುವ ಈ ವಿರಳ ಖನಿಜದಲ್ಲಿ ಸೀಸ, ವೆನೇಡಿಯಂ, ಆಮ್ಲಜನಕ, ಕ್ಲೋರಿನ್ ಕೂಡಿವೆ. ಒಣಹವೆಯ ಸೀಮೆಗಳಲ್ಲಿ ಸೀಸದ ಅದಿರಿನ ಮೇಲ್ಭಾಗವು ಗಾಳಿ ನೀರುಗಳಿಂದ ಮಾರ್ಪಟ್ಟಾಗ ಇದು ಹುಟ್ಟುತ್ತದೆ. ಕೆಂಪು, ಕಿತ್ತಳೆ ಇಲ್ಲವೆ ಕಂದುಬಣ್ಣದ ಆರು ಮೂಲೆಯ ಹರಳುಗಳು. ಚಾಕುವಿನಿಂದ ಗೀರಬಹುದಾದಷ್ಟು ಮೆದು, ಆದರೆ ನೀರಿಗಿಂತ ಸುಮಾರು ೭ ಪಟ್ಟು ಭಾರ.

ಇದರಲ್ಲಿಯ ಹೊಸ ಲೋಹದ ಲವಣಗಳು ಕಾಯಿಸಿದಾಗ ಕೆಂಪಾಗುವುದನ್ನು ಕಂಡು ದೆಲ್ ರಿಯೊನು ಅದಕ್ಕೆ ಎರಿತ್ರೋನಿಯಂ ಎಂದು ಹೆಸರಿಟ್ಟನು. ಆದರೆ ಕ್ರೋಮಿಯಂ ಲವಣಗಳ ಗುಣವೂ ಅಂಥದೇ ಎಂದು ಗ್ರಂಥಗಳಲ್ಲಿ ಓದಿ ತನ್ನ ಶೋಧವನ್ನೇ ಸಂಶಯಿಸಿದನು. ಸಹಪಾಠಿ ಹಂಬೋಲ್ಟನು ಅದಿರಿನ ಮಾದರಿಯನ್ನು ಯುರೋಪಿಗೆ ಒಯ್ದನು. ೧೮೦೫ರಲ್ಲಿ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞನೊಬ್ಬನು ಅದು ಕ್ರೋಮಿಯಂ ಎಂದೇ ತೀರ್ಪಿತ್ತನು. ಹೊಸ ಲೋಹದ ಮಾತು ಅಲ್ಲಿಗೆ ಮುಗಿಯಿತು.

ಇಪ್ಪತ್ತೈದು ವರ್ಷ ಕಳೆದವು. ೧೮೩೦ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮನು ಟಾಬೆರ್ಗಿನ ಕಬ್ಬಿಣದಲ್ಲಿ ಒಂದು ಹೊಸ ಲೋಹವನ್ನು ಕಂಡು, ವನಾದಿಸ್ ಎಂಬ ದೇವತೆಯ ಹೆಸರಿನಿಂದ ಅದನ್ನು ವೆನೇಡಿಯಂ ಎಂದು ಕರೆದನು. ಮರುವರ್ಷವೇ ಜರ್ಮನಿಯ ವೋಲರನು ಸಿಮಪಾನಿನ ಅದಿರಿನಲ್ಲಿರುವುದೂ ಇದೇ ಲೋಹವೆಂದು ಸಿದ್ಧಪಡಿಸಿದನು. ದೆಲ್ ರಿಯೊನ ನೆನಪಿಗಾಗಿ ಲೋಹವನ್ನು ರಿಯೋನಿಯಂ ಎಂದು ಕರೆಯಬೇಕೆಂಬ ಸೂಚನೆ ಬಂದರೂ ಅದು ನಿಲ್ಲಲಿಲ್ಲ.

ಆತನು ನ್ಯಾಯನಿಷ್ಠನೂ ಆಗಿದ್ದನು. ಮೆಕ್ಸಿಕೊದ ಸ್ವಾತಂತ್ರ್ಯವನ್ನು ಬೆಂಬಲಿಸಿದ್ದ ಆತನು, ಆ ದೇಶವು ಸ್ಪೇನಿನವರನ್ನು ಹೊರಹಾಕಿದಾಗ ತನಗೆ ವಿನಾಯಿತಿಯಿದ್ದರೂ ಪ್ರತಿಭಟಿಸಿ ೧೮೨೯ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದನು. ಕೆಲವು ವರ್ಷಗಳ ತರುವಾಯ ಹಿಂದಿರುಗಿ ಮತ್ತೆ ಪಾಠ ಹೇಳಿದನು. ೧೮೪೯ರಲ್ಲಿ ಮೆಕ್ಸಿಕೊ ನಗರದಲ್ಲಿಯೇ ಕಾಲವಾದನು.

ಇಂದು ಉಕ್ಕಿಗೆ ಬಲಕೊಡುವ ವೆನೇಡಿಯಂ, ನಮ್ಮ ಚನ್ನಗಿರಿ ಸೀಮೆಯ ಟೈಟೇನಿಯಂಯುಕ್ತ ಕಬ್ಬಿಣದ ಅದಿರಿನಲ್ಲಿಯೂ ಅಡಗಿದೆ. ದೆಲ್ ರಿಯೊನ ಕಣ್ಣು ತಪ್ಪಿರಲಿಲ್ಲ. ಆ ಕಣ್ಣಿನ ಮೇಲೆ ಆತನಿಗಿದ್ದ ನಂಬಿಕೆ ಮಾತ್ರ ಸಡಿಲಿತು. ಪ್ರಯೋಗಶಾಲೆಗೆ ಕಾಲಿಡುವ ವಿದ್ಯಾರ್ಥಿಮಿತ್ರರು ಇದನ್ನು ಮರೆಯದಿರಲಿ.